ಮುಂಬೈ ಲೋಕಲಿನ ಗಟ್ಟಿ ಆಯುಷ್ಯ

1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಮಾರ್ಗದಲ್ಲಿ ಕುರ್ಲಾಕ್ಕೆ ಭಾರತದ ಮೊದಲ ವಿದ್ಯುತ್ ರೈಲು ಹೊರಟಿತು. ಅದನ್ನು ಓಡಿಸಿದ 1,500 ವೋಲ್ಟ್ ಡಿಸಿ ವ್ಯವಸ್ಥೆ ಮುಂಬೈ ಲೋಕಲಿನಿಂದ ಪೂರ್ತಿ ನಿವೃತ್ತವಾದದ್ದು 2016ರ ಏಪ್ರಿಲ್‌ನಲ್ಲಿ, ಅದೇ ಹಾರ್ಬರ್ ಮಾರ್ಗದಲ್ಲಿ.

ಲೋಕಲ್ ಬೋಗಿಗೆ ರೈಲ್ವೆ ಗೊತ್ತುಮಾಡಿರುವ ಆಯುಷ್ಯ 25 ವರ್ಷ. ಕಡಿಮೆ ಅನ್ನಿಸಬಹುದು. ಆದರೆ ಅದೆಂಥ ಬದುಕು! ಕೆಲವೇ ನಿಮಿಷಕ್ಕೊಂದು ನಿಲ್ದಾಣ, ಪ್ರತಿ ನಿಲ್ದಾಣಕ್ಕೂ ಬ್ರೇಕು, ಮತ್ತೆ ತುಂಬು ಭಾರ ಹೊತ್ತು ಓಟ. ಜೊತೆಗೆ ಕಡಲ ಉಪ್ಪುಗಾಳಿ, ಮಳೆಗಾಲದಲ್ಲಿ ಹಳಿ ಮುಳುಗಿಸುವ ನೀರು. ಮೋಟಾರುಗಳಿರುವುದು ಬೋಗಿಯ ಅಡಿಯಲ್ಲೇ, ಗಾಲಿಗಳ ನಡುವೆ. ಹಾಗಾಗಿ ನೀರಿನ ಮೊದಲ ಏಟು ಅವಕ್ಕೇ. ಮಾಟುಂಗಾ, ಮಹಾಲಕ್ಷ್ಮಿಯ ಕಾರ್ಯಾಗಾರಗಳಲ್ಲಿ ಬೋಗಿಯನ್ನು ಎತ್ತಿ, ಗಾಲಿ ಬೇರ್ಪಡಿಸಿ, ತುಕ್ಕು ತೆಗೆದು ಮತ್ತೆ ಜೋಡಿಸುವ ಕೈಗಳಿಲ್ಲದೆ ಆ 25 ವರ್ಷ ದಾಟಲಾಗದು. ನನ್ನ ಮೆಚ್ಚುಗೆಯ ದೊಡ್ಡ ಪಾಲು ಅವರಿಗೇ.

2007ರಿಂದ ಬಂದ ಸೀಮೆನ್ಸ್ ಉಪಕರಣದ ರೈಲುಗಳು ಬ್ರೇಕು ಹಾಕುವಾಗ ವಿದ್ಯುತ್ತನ್ನು ತಂತಿಗೆ ಮರಳಿಸುತ್ತವೆ. ಜಾಣ ಯಂತ್ರಗಳು, ನಿಜ. ಆದರೂ ಮುಂಬೈ ಕನ್ನಡಿಗರ ತಲೆಮಾರುಗಳು ದುಡಿಮೆಗೆ ಹೋಗಿಬಂದದ್ದು ಹಳೆಯ ಡಿಸಿ ಬೋಗಿಗಳಲ್ಲಿ. ಪ್ರತಿ ಕಾಲದ ಒಂದೊಂದು ಬೋಗಿಯನ್ನಾದರೂ ಗುಜರಿಗೆ ಕಳಿಸದೆ, ಜನ ಹತ್ತಿ ನೋಡುವಂತೆ ರೈಲ್ವೆ ಉಳಿಸಬೇಕು.