ರೈಲಿನ ಮೇಲೆ ಕುಣಿದವರು, ರೈಲಿನ ಹಿಂದೆ ಓಡಿದವನು

ಕೆ.ಆರ್. ನಗರದಲ್ಲಿ ರೈಲು ನಿಲ್ಲುತ್ತೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಗೆ ಇನ್ನೂ ಬಂದೇ ಇಲ್ಲ. ಹಾಗಾಗಿ ನಮ್ಮ ಕಡೆ ಬಹಳ ಜನರಿಗೆ ಬೆಟ್ಟದ ರೈಲು ಅಂದ್ರೆ ‘ದಿಲ್ ಸೇ’ (1998) ಚಿತ್ರದ ‘ಛಯ್ಯಾ ಛಯ್ಯಾ’. (ಊಟಿಗೆ ನಾವು ಹೋಗೋದು ಗುಂಡ್ಲುಪೇಟೆ ಮೇಲೆ ಬಸ್ಸಲ್ಲಿ, ಬಿಡಿ.)

ಸಂತೋಷ್ ಶಿವನ್ ಕ್ಯಾಮೆರಾ ಕಣ್ಣು ತುಂಬುತ್ತೆ, ನಿಜ. ಆದರೆ ಕಥೆ ಶುರುವಾಗೋದು ಈಶಾನ್ಯದಲ್ಲಿ, ಕುಣಿತ ಮಾತ್ರ ನೀಲಗಿರಿ ರೈಲಿನ ಮೇಲೆ! ಗಾಡಿ ಯಾವ ಊರಿಗೆ ಹೋಗುತ್ತೆ ಅನ್ನೋದು ಹಾಡಿಗೆ ಬೇಕಿಲ್ಲ. ಕಲ್ಲಾರಿನಿಂದ ಕೂನೂರಿಗೆ ಹಲ್ಲುಹಳಿ ಕಚ್ಚಿಕೊಂಡು ಏದುಸಿರು ಬಿಡುತ್ತಾ ಹತ್ತುವ, 1908ರಲ್ಲಿ ಊಟಿ ಮುಟ್ಟಿದ ಗಾಡಿ ಇಲ್ಲಿ ಬರೀ ಓಡುವ ಸ್ಟೇಜು. ಇವತ್ತಿನ ರೀಲ್ಸ್‌ಗಳೂ ಇದೇ ದಾರಿ ಹಿಡಿದಿವೆ: ಕಿಟಕಿ, ಕೂದಲು, ಚಹಾ ತೋಟ.

ಇದೇ ಹಳಿ ಮೇಲಿನ ಕೇತ್ತಿ ಸ್ಟೇಷನ್ನಲ್ಲಿ ಬಾಲು ಮಹೇಂದ್ರ ‘ಮೂನ್ರಾಂ ಪಿರೈ’ (1982) ಮುಗಿಸ್ತಾರೆ. ನೆನಪು ಮರಳಿದ ಶ್ರೀದೇವಿಗೆ ಕಮಲ್ ಯಾರೋ ಹುಚ್ಚ. ಮಳೆಯಲ್ಲಿ ಕುಂಟುತ್ತಾ ಕೋತಿಯಾಟ ಆಡಿ ಗುರುತು ಹಿಡಿಸೋಕೆ ನೋಡ್ತಾನೆ. ಇಲ್ಲಿ ರೈಲಿಗೆ ಒಂದು ಕೆಲಸ ಇದೆ: ಒಬ್ಬರನ್ನು ಕರ್ಕೊಂಡು ಹೋಗೋದು, ಇನ್ನೊಬ್ಬರನ್ನು ಬಿಟ್ಟು ಹೋಗೋದು. ಮಂಜು, ಬೆಟ್ಟ ಎಲ್ಲ ಅದೇ. ನಮ್ಮ ಕಣ್ಣು ಮಾತ್ರ ಅತ್ತ ಹೋಗಲ್ಲ, ಪ್ಲಾಟ್‌ಫಾರ್ಮಲ್ಲಿ ಉಳಿದವನ ಮೇಲೇ ಇರುತ್ತೆ.