ಪ್ರಯೋಗಾಲಯದ ಬಿಟ್ಟಿ ಚಾಕರಿ

ವಿಜ್ಞಾನದ ಪದವಿ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಸಂಶೋಧನಾ ಪ್ರಯೋಗಾಲಯಗಳನ್ನು ಸೇರಿ ಎರಡು ಮೂರು ತಿಂಗಳು ಕೆಲಸ ಕಲಿಯುವ ಪದ್ಧತಿ ಶ್ಲಾಘನೀಯವಾದುದು. ಆದರೆ ಇಂಟರ್ನ್‌ಶಿಪ್ ಎಂಬ ಈ ವ್ಯವಸ್ಥೆಯು ಅನೇಕ ಕಡೆಗಳಲ್ಲಿ ವೇತನರಹಿತವಾಗಿದೆ. ಕೆಲವು ಸಂಸ್ಥೆಗಳಲ್ಲಂತೂ ತರಬೇತಿಯ ಶುಲ್ಕವನ್ನು ವಿದ್ಯಾರ್ಥಿಯೇ ತೆರಬೇಕು. ಇದು ನ್ಯಾಯವೇ ಎಂಬುದು ವಿಚಾರಾರ್ಹ.

ಹೊಸಬರಿಗೆ ಕಲಿಸಲು ಮಾರ್ಗದರ್ಶಕರ ಕಾಲ ವ್ಯಯವಾಗುತ್ತದೆ, ರಾಸಾಯನಿಕಗಳು ಖರ್ಚಾಗುತ್ತವೆ, ಆದ್ದರಿಂದ ವಿದ್ಯೆಯೇ ಅವರಿಗೆ ಪ್ರತಿಫಲವೆಂದು ಸಮರ್ಥಕರು ವಾದಿಸುತ್ತಾರೆ. ಮೊದಲ ಕೆಲವು ವಾರಗಳ ಮಟ್ಟಿಗೆ ಈ ಮಾತು ಸತ್ಯ. ಆನಂತರ ಗಾಜಿನ ಪಾತ್ರೆ ತೊಳೆಯುವುದು, ಮಾದರಿಗಳನ್ನು ಎಣಿಸುವುದು, ಅಂಕಿ-ಅಂಶಗಳನ್ನು ಗಣಕದಲ್ಲಿ ತುಂಬುವುದು ಇವೆಲ್ಲ ಪ್ರಯೋಗಾಲಯಕ್ಕೆ ಬೇಕಾದ ದುಡಿಮೆಯೇ. ಇವರಿಲ್ಲದಿದ್ದರೆ ಸಂಬಳ ಕೊಟ್ಟು ಬೇರೊಬ್ಬರನ್ನು ನೇಮಿಸಬೇಕಾಗುತ್ತಿತ್ತು.

1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯಲ್ಲಿ ಕಸುಬು ಕಲಿಯುವವನಿಗೆ ಶಿಷ್ಯವೇತನವನ್ನು ಕಡ್ಡಾಯಗೊಳಿಸಿತು. ಅವನೂ ಕಲಿಯುವವನೇ, ಆದರೂ ಶಾಸನವು ಅವನ ಹೊಟ್ಟೆಯನ್ನು ಮರೆಯಲಿಲ್ಲ. ಲೇತ್ ಯಂತ್ರದ ಮುಂದೆ ನಿಂತವನಿಗೆ ಸಲ್ಲುವ ನ್ಯಾಯ ಸೂಕ್ಷ್ಮದರ್ಶಕದ ಮುಂದೆ ಕುಳಿತವಳಿಗೆ ಏಕೆ ಸಲ್ಲಬಾರದು?

ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಬೀದರಿನ ಅಥವಾ ಚಾಮರಾಜನಗರದ ಬಡ ವಿದ್ಯಾರ್ಥಿನಿ ಬೆಂಗಳೂರಿನಲ್ಲಿ ಎರಡು ತಿಂಗಳ ಬಾಡಿಗೆ, ಊಟದ ಖರ್ಚನ್ನು ಎಲ್ಲಿಂದ ತರಬೇಕು? ರಜೆಯಲ್ಲಿ ನಾಲ್ಕು ಕಾಸು ದುಡಿದು ಮನೆಗೆ ಕೊಡಬೇಕಾದವಳು ಅವಳು. ಮುಂದೆ ಪಿಎಚ್.ಡಿ. ಸಂದರ್ಶನದಲ್ಲಿ ಪ್ರಯೋಗಾಲಯದ ಅನುಭವವನ್ನು ಕೇಳುವಾಗ ಅವಳು ಬರಿಗೈಯಲ್ಲಿರುತ್ತಾಳೆ. ಅಲ್ಲಿ ಪ್ರತಿಭೆಯೆಂದು ಎಣಿಕೆಗೆ ಬರುವುದು ಎಷ್ಟೋ ವೇಳೆ ತಂದೆಯ ಹಣದ ಚೀಲ.

ಕೊಡಲು ಸಾಧ್ಯವೇ ಇಲ್ಲವೆಂಬ ಮಾತು ನಿಲ್ಲಲಾರದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಫೆಲೋಶಿಪ್ ಯೋಜನೆಯಲ್ಲಿ ಶಿಷ್ಯವೇತನದೊಡನೆ ಪ್ರಯಾಣವೆಚ್ಚವನ್ನೂ ಕೊಡುತ್ತ ಬಂದಿದ್ದಾರೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ 1987ರಲ್ಲಿ ಆರಂಭಿಸಿದ ಯೋಜನೆಯೂ ಪದವಿ ವಿದ್ಯಾರ್ಥಿಗಳಿಗೆ ವೇತನ ಕೊಟ್ಟೇ ಸಂಶೋಧನೆ ಕಲಿಸುತ್ತದೆ. ಇಂತಹ ಸ್ಥಾನಗಳು ಮಿತವಾದವು. ಉಳಿದವರ ಗತಿಯೇ ಪ್ರಶ್ನೆ. 2023ರಲ್ಲಿ ಕೇಂದ್ರ ಸರ್ಕಾರವು ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ಪನ್ನು 31,000 ರೂಪಾಯಿಗಳಿಂದ 37,000ಕ್ಕೆ ಏರಿಸಿತು. ಅದರ ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ಸೊನ್ನೆಯೇ ಉಳಿಯುವುದು ವಿಪರ್ಯಾಸ.

ಪ್ರತಿಯೊಂದು ಸಂಶೋಧನಾ ಯೋಜನೆಯ ಆಯವ್ಯಯದಲ್ಲಿ ಇವರ ಊಟ, ವಸತಿಗಾಗಿ ಒಂದು ಪಾಲು ಮೀಸಲಿರಬೇಕು. ಕೊಡಲಾಗದವರು ಕಲಿಸಲಿ, ದುಡಿಸದಿರಲಿ. ವಿದ್ಯಾರ್ಥಿವೇತನ ನೀಡುವ ಧರ್ಮದರ್ಶಿಗಳು ಕಾಲೇಜು ಶುಲ್ಕದ ಆಚೆಗೆ ರಜೆಯ ಈ ತಿಂಗಳುಗಳನ್ನೂ ಗಮನಿಸಿದರೆ ಒಳಿತು. ಆದರೆ ದಾನವು ಕೂಲಿಗೆ ಬದಲಿಯಾಗದು. ದುಡಿಸಿಕೊಂಡವರೇ ಕೊಡುವುದು ಧರ್ಮ.