ಮೂಸಾ ದೊರೆಯ ಚಿನ್ನ

ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಮಕ್ಕಾ ಯಾತ್ರೆಗೆ ಹೊರಟವನು, ಕೈರೋದಲ್ಲಿ ತಂಗಿ, ಚಿನ್ನವನ್ನು ನೀರಿನಂತೆ ಚೆಲ್ಲಿ ಈಜಿಪ್ಟನ್ನೇ ದಿವಾಳಿ ಎಬ್ಬಿಸಿದನೆಂದು ಈಚಿನವರು ಬಣ್ಣಿಸುತ್ತಾರೆ. ನಾನು ಇದನ್ನು ಒಪ್ಪಲಾರೆ. ಸುಮಾರು 12 ವರ್ಷಗಳ ತರುವಾಯ ಕೈರೋದಲ್ಲಿ ವಿಚಾರಿಸಿ ಬರೆದ ಅಲ್ ಉಮರಿ ಹೇಳುವುದು ಇಷ್ಟೇ: ಮಿಸ್ಕಾಲ್ ತೂಕದ ಚಿನ್ನಕ್ಕೆ 25 ದಿರ್ಹಮಿಗೆ ಕಡಮೆಯಿಲ್ಲದಿದ್ದ ಬೆಲೆ 22ಕ್ಕೋ, ಇನ್ನೂ ಕೆಳಕ್ಕೋ ಇಳಿಯಿತು. ಇದು ಇಳಿತವೇ ಹೊರತು ದಿವಾಳಿಯಲ್ಲ. ಪೇಟೆಯ ಧಾರಣೆ ಊರಿಗೆಲ್ಲ ತಿಳಿದ ಮಾತು. ಅಷ್ಟರಮಟ್ಟಿಗೆ ಅವನನ್ನು ನಂಬುತ್ತೇನೆ. ಆದರೆ ಅವನು ಮಾಲಿಯನ್ನು ಕಂಡವನಲ್ಲ. ಕಂಡ ಇಬ್ನ್ ಬತೂತ ಅಲ್ಲಿಗೆ ಹೋದದ್ದು 1352ರಲ್ಲಿ. ಆಗ ಪಟ್ಟದಲ್ಲಿದ್ದವನು ಮೂಸಾನ ತಮ್ಮ ಸುಲೈಮಾನ್. ಅವನನ್ನು ಜಿಪುಣನೆಂದು ದೂರಿದ! ಹಾಗಿರಲು, ಮೂಸಾನ ಸಂಪತ್ತನ್ನು ಡಾಲರಿನಲ್ಲಿ ಎಣಿಸುವವರು ಯಾವ ಬೊಕ್ಕಸದ ಲೆಕ್ಕ ನೋಡಿದರು? ಚೆಲ್ಲಿದ ಚಿನ್ನಕ್ಕೆ ಸಾಕ್ಷಿಯುಂಟು, ಉಳಿದ ಚಿನ್ನಕ್ಕಿಲ್ಲ.